ವಿಕೋಪದ ಕಸಕ್ಕೆ ನೆಲವೆಲ್ಲಿ?

ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳಲ್ಲಿ ಬಹುಕಾಲದಿಂದ ವಾಸಮಾಡುತ್ತಿರುವ ಮಹಾಜನರಿಗೆ ಕನ್ಸರ್ವೆನ್ಸಿ ಓಣಿಯೆಂದರೇನೆಂಬುದನ್ನು ವಿವರಿಸಬೇಕಾಗಿಲ್ಲ. ಎರಡು ಸಾಲು ಮನೆಗಳ ಹಿತ್ತಲುಗಳ ನಡುವೆ ಬಿಟ್ಟ ಕಿರಿದಾದ ಹಾದಿ ಅದು. ಮನೆಯ ಕಶ್ಮಲವು ಹಿಂಬಾಗಿಲಿನಿಂದ ಹೊರಟು ಊರಾಚೆಗೆ ಸೇರಲೆಂದು ನಕ್ಷೆ ಬರೆದವರು ಅದನ್ನು ಬಿಟ್ಟರು. ಈಗ ಆ ಓಣಿಗಳಲ್ಲಿ ಕೆಲವಕ್ಕೆ ಗೋಡೆ ಬಿದ್ದಿದೆ. ಕೆಲವು ನೆರೆಮನೆಯವರ ಹಿತ್ತಲಿನೊಳಗೆ ಸೇರಿಹೋಗಿವೆ. ಕೆಲವು ಮೋಟಾರು ಬೈಸಿಕಲ್ಲುಗಳ ಲಾಯಗಳಾಗಿವೆ. ಉಳಿದವುಗಳಲ್ಲಿ ಮುರಿದ ಮಂಚವೂ, ಮನೆ ಕೆಡವಿದ ಇಟ್ಟಿಗೆಯ ಚೂರೂ ತುಂಬಿರುವುದನ್ನು ಯಾರು ಬೇಕಾದರೂ ಹೋಗಿ ನೋಡಬಹುದು.

ಒಂದು ಓಣಿ ಮುಚ್ಚಿಹೋದುದಕ್ಕೆ ಇಷ್ಟು ಮಾತೇಕೆಂದು ವಾಚಕರು ಕೇಳಬಹುದು. ದಿನದಿನದ ಕಸವು ಹೇಗೋ ಮುಂಬಾಗಿಲಿನಿಂದಲೇ ಗಾಡಿಯೇರಿ ಹೋಗುತ್ತಿದೆ. ನಮಗೆ ಚಿಂತೆಯಾಗಿರುವುದು ಬೇರೊಂದು ಕಸದ ವಿಷಯ. ಒಂದು ರಾತ್ರಿಯ ಜಡಿಮಳೆ, ಒಂದು ಗಳಿಗೆಯ ಬಿರುಗಾಳಿ ಬೀದಿಗೆ ತಂದು ಹಾಕುವ ಕಸವೇ ಅದು. ನೀರಿಳಿದ ಮಾರನೆಯ ಬೆಳಗ್ಗೆ ನೆಂದ ಹಾಸಿಗೆ, ಮೊಳೆತ ಅಕ್ಕಿ, ಕೆಟ್ಟುಹೋದ ತಂಗಳು ಪೆಟ್ಟಿಗೆ, ಔಷಧದ ಸೀಸೆ, ಮಕ್ಕಳ ಪುಸ್ತಕ, ಸತ್ತ ನಾಯಿ, ಬಿದ್ದ ಮರ, ಕುಸಿದ ಗೋಡೆ, ಇವೆಲ್ಲದರ ಮೇಲೂ ಚರಂಡಿಯ ಕೆಸರು—ಇಷ್ಟೂ ಒಂದೇ ದಿನ ಬಾಗಿಲ ಮುಂದೆ ಬಂದು ಬೀಳುವುದು. ವಿಪತ್ತು ಬಂದಾಗ ಜನರನ್ನು ದೋಣಿಯಲ್ಲಿ ಸಾಗಿಸುವವರು ಯಾರು, ಊಟವಿಕ್ಕುವವರು ಯಾರು, ಪರಿಹಾರದ ಹಣವೆಷ್ಟು ಎಂಬುದಕ್ಕೆಲ್ಲ ಸರಕಾರದ ಕಾಗದಗಳಲ್ಲಿ ತಕ್ಕಮಟ್ಟಿಗೆ ಉತ್ತರವಿದೆ. ಈ ರಾಶಿಯು ಎಲ್ಲಿಗೆ ಹೋಗತಕ್ಕದ್ದೆಂದು ಬಡಾವಣೆಯ ಹತ್ತು ಮಂದಿಯನ್ನು ಕೇಳಿ ನೋಡಿದರೆ ಹತ್ತು ಉತ್ತರ ಬರುವುದು. ಅಥವಾ ಒಂದೂ ಬಾರದು.

ಈ ಪ್ರಶ್ನೆ ನಮ್ಮ ಬಡಾವಣೆಗಳಿಗೆ ಹೊಸದೇನೂ ಅಲ್ಲ. ಅವು ತುಂಬಿ ಬೆಳೆದುದೇ ಒಂದು ಮಹಾವಿಪತ್ತಿನ ದೆಸೆಯಿಂದ. ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲುದಾರಿಯನ್ನು ಹಿಡಿದು ದಕ್ಷಿಣಕ್ಕಿಳಿದು ೧೮೯೮ರ ಆಗಸ್ಟಿನಲ್ಲಿ ಬೆಂಗಳೂರನ್ನು ಮುಟ್ಟಿತು. ಚಾಮರಾಜಪೇಟೆ ೧೮೯೨ರಲ್ಲಿಯೇ ಏರ್ಪಟ್ಟಿತ್ತು. ಹಳೆಯ ಪೇಟೆಯ ಇಕ್ಕಟ್ಟಿನಿಂದ ಪ್ರಾಣಭೀತಿಯಿಂದ ಹೊರಬಿದ್ದ ಜನರಿಗೆ ಬಸವನಗುಡಿಯೂ ಮಲ್ಲೇಶ್ವರವೂ ಆಶ್ರಯವಾದುವು. ಪ್ಲೇಗು ರೋಗವಲ್ಲವೆ, ಅದನ್ನು ಪ್ರಕೃತಿವಿಕೋಪವೆಂದು ಕರೆಯುವುದು ಹೇಗೆಂದು ತರ್ಕ ಮಾಡತಕ್ಕವರು ಮಾಡಲಿ. ಬಿಟ್ಟ ಮನೆಗಳು, ಕೆಡವಿದ ಗೋಡೆಗಳು, ಸುಟ್ಟ ಹಾಸಿಗೆಗಳು, ಇವನ್ನೇನು ಮಾಡುವುದೆಂದು ತಿಳಿಯದೆ ತಬ್ಬಿಬ್ಬಾದ ಅಧಿಕಾರಿವರ್ಗ, ಇಷ್ಟರಮಟ್ಟಿಗೆ ಅದು ನೆರೆಗೂ ಭೂಕಂಪಕ್ಕೂ ಸಮಾನವಾಗಿಯೇ ಇತ್ತು.

ಆ ಕಾಲದ ದಿವಾನರಾದ ಸರ್ ಕೆ. ಶೇಷಾದ್ರಿ ಅಯ್ಯರವರ ಆಡಳಿತವು ಕೈಕಟ್ಟಿ ಕುಳಿತಿರಲಿಲ್ಲವೆಂಬುದನ್ನು ಒಪ್ಪಬೇಕು. ಪ್ಲೇಗಿನ ಕೆಲಸಕ್ಕೆಂದೇ ವಿ. ಪಿ. ಮಾಧವರಾಯರು ಕಮಿಷನರಾಗಿ ನೇಮಕವಾದರು. ರೋಗ ಸೋಕಿದ ಮನೆಯವರನ್ನು ಊರ ಹೊರಗಿನ ಗುಡಿಸಲುಗಳಿಗೆ ಸಾಗಿಸುವುದು, ಹೆಂಚು ತೆಗೆದು ಕೋಣೆಯೊಳಕ್ಕೆ ಬಿಸಿಲು ಬೀಳಿಸುವುದು, ಗೋಡೆಗೆ ಸುಣ್ಣ ಬಳಿಸುವುದು, ಬಟ್ಟೆಬರೆಗಳನ್ನು ಸುಡಿಸುವುದು, ಇವು ಅಂದಿನ ಪ್ಲೇಗು ನಿವಾರಣೆಯ ಪರಿಪಾಠವಾಗಿದ್ದುವು. ೧೮೯೭ರಲ್ಲಿ ಬ್ರಿಟಿಷ್ ಸರಕಾರದವರು ಮಾಡಿದ ಸಾಂಕ್ರಾಮಿಕ ರೋಗಗಳ ಕಾಯಿದೆಯು ಇಂಡಿಯದ ಅಧಿಕಾರಿಗಳಿಗೆ ಹಿಂದೆಂದೂ ಇಲ್ಲದ ಅಧಿಕಾರವನ್ನು ಕೊಟ್ಟಿತ್ತು.

ಆದರೆ ಮನೆಯೊಳಗಿನ ವಸ್ತುಗಳಲ್ಲಿ ಯಾವುದು ಕಸ, ಯಾವುದು ಸ್ವತ್ತು? ಅದನ್ನು ನಿರ್ಣಯಿಸತಕ್ಕವರು ಯಾರು? ಅಧಿಕಾರಿಯ ಕಣ್ಣಿಗೆ ರೋಗದ ಗೂಡಾಗಿ ಕಂಡ ಚಿಂದಿಕಂಬಳಿಯು ಬಡವನಿಗೆ ಇದ್ದುದರಲ್ಲಿ ಒಂದೇ ಹೊದಿಕೆಯಾಗಿರುತ್ತಿತ್ತು. ಹಳೆಯ ಮರದ ಪೆಟ್ಟಿಗೆಯೊಳಗೆ ಪತ್ರವೂ ಇರುತ್ತಿತ್ತು, ಅಜ್ಜನ ಕಾಲದ ಓಲೆಗರಿಯೂ ಇರುತ್ತಿತ್ತು. ಕೇಳದೆ ಎಳೆದು ಹಾಕಿ ಸುಟ್ಟಾಗ ಜನರು ಕೆರಳಿದರು. ಪುಣೆಯಲ್ಲಿ ಸೋಲ್ಜರುಗಳನ್ನು ಮನೆಮನೆಗೆ ನುಗ್ಗಿಸಿದ ಪ್ಲೇಗು ಅಧಿಕಾರಿ ರ‍್ಯಾಂಡನು ೧೮೯೭ರ ಜೂನಿನಲ್ಲಿ ಚಾಪೇಕರ್ ಸಹೋದರರ ಗುಂಡಿಗೆ ಗುರಿಯಾದುದನ್ನೂ, ಆ ಸಂದರ್ಭದಲ್ಲಿಯೇ ಲೋಕಮಾನ್ಯ ತಿಲಕರು ರಾಜದ್ರೋಹದ ಆಪಾದನೆಯ ಮೇಲೆ ಸೆರೆಮನೆ ಸೇರಿದುದನ್ನೂ ನಮ್ಮ ವಾಚಕರು ಬಲ್ಲರು. ನಮ್ಮ ಸಂಸ್ಥಾನದಲ್ಲಿಯೂ ಶ್ರೀರಂಗಪಟ್ಟಣದ ಮಗ್ಗುಲಿನ ಗಂಜಾಮಿನಲ್ಲಿ ೧೮೯೮ರಲ್ಲಿ ಪ್ಲೇಗು ನಿಯಮಗಳ ವಿರುದ್ಧ ದೊಂಬಿಯೆದ್ದಿತು. ಕೊಲೆಯನ್ನಾಗಲಿ ದೊಂಬಿಯನ್ನಾಗಲಿ ನಾವು ಹೊಗಳುವವರಲ್ಲ. ಮನೆಯ ಒಡೆಯನನ್ನು ಒಂದು ಮಾತು ಕೇಳದೆ ಅವನ ಸಾಮಾನನ್ನು ಕಸವೆಂದು ತೀರ್ಮಾನಿಸುವ ಆಡಳಿತವು ಒಳ್ಳೆಯ ಕೆಲಸವನ್ನು ಮಾಡಹೊರಟರೂ ಜನರ ದ್ವೇಷವನ್ನೇ ಸಂಪಾದಿಸುವುದೆಂಬುದಕ್ಕೆ ಇವನ್ನು ಉದಾಹರಿಸಿದೆವು.

ಮತ್ತೊಂದು ವಿಚಿತ್ರವನ್ನು ಗಮನಿಸಬೇಕು. ರೋಗವು ಯಾವುದರಿಂದ ಹರಡುವುದೆಂಬುದೇ ಆಗ ಆಡಳಿತಕ್ಕೆ ನಿಶ್ಚಯವಾಗಿರಲಿಲ್ಲ. ಇಲಿಯ ಮೈಮೇಲಿನ ಚಿಗಟವೇ ಅದರ ವಾಹನವೆಂಬುದನ್ನು ಫ್ರೆಂಚ್ ವೈದ್ಯನಾದ ಪಾಲ್ ಲೂಯಿ ಸಿಮಾಂಡನು ಅದೇ ೧೮೯೮ರಲ್ಲಿ ಕರಾಚಿಯಲ್ಲಿ ಪರೀಕ್ಷಿಸಿ ತೋರಿಸಿದನು. ಆದರೆ ಬಲ್ಲವರೆಂಬುವರು ಹಲವು ವರ್ಷಗಳ ಕಾಲ ಅದಕ್ಕೆ ಕಿವಿಗೊಡಲಿಲ್ಲ. ಆದ್ದರಿಂದ ಕೆಡವಿದ ಮನೆಯ ಮಣ್ಣುಮರಗಳನ್ನೂ, ದವಸದ ಮೂಟೆಗಳನ್ನೂ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಿದಾಗ ಇಲಿಗಳೂ ಚಿಗಟಗಳೂ ಅವುಗಳ ಸಂಗಡವೇ ಪ್ರಯಾಣ ಮಾಡಿರುವುದು ಸಾಧ್ಯ. ಕಸವನ್ನು ಕಣ್ಮುಂದಿನಿಂದ ದೂರಮಾಡಿದರೆ ಕೇಡು ತೊಲಗಿತೆಂಬ ನಂಬಿಕೆಯು ಅಂದಿನಿಂದಲೂ ನಮ್ಮಲ್ಲಿ ಬಲವಾಗಿ ಬೇರೂರಿದೆ.

ಹೊಸ ಬಡಾವಣೆಗಳ ನಕ್ಷೆಯಲ್ಲಿ ಮಾತ್ರ ಹೆಚ್ಚಿನ ವಿವೇಕ ಕಾಣುವುದು. ಅಗಲವಾದ ಬೀದಿ, ಗಾಳಿಬೆಳಕಿಗೆ ಎಡೆ, ಉದ್ಯಾನ, ಹಿಂದುಗಡೆ ಕಸದ ಓಣಿ. ೧೮೯೬ರಿಂದ ಹೆಸರಘಟ್ಟದ ನೀರು ಕೊಳಾಯಿಗಳಲ್ಲಿ ನಗರಕ್ಕೆ ಬರತೊಡಗಿತ್ತು. ಕಸಕ್ಕೂ ಮನೆಯಂತೆ, ಬೀದಿಯಂತೆ, ದೇವಸ್ಥಾನದಂತೆ ಭೂಮಿಯ ಮೇಲೆ ಒಂದು ಹಕ್ಕಿನ ಸ್ಥಳ ಬೇಕೆಂಬುದನ್ನು ಆ ಎಂಜಿನಿಯರುಗಳು ಮೊದಲೇ ಆಲೋಚಿಸಿ ಕಾಗದದ ಮೇಲೆ ಗೆರೆಯೆಳೆದರು. ಆ ಓಣಿಯು ಮಲ ಹೊರುವವನು ಮುಂಬಾಗಿಲಿನವರ ಕಣ್ಣಿಗೆ ಬೀಳದಂತೆ ಮಾಡಿದ ಓಣಿಯೂ ಆಗಿತ್ತೆಂಬುದನ್ನು ಮರೆಮಾಚುವುದು ಸರಿಯಲ್ಲ. ಆ ಹೀನಪದ್ಧತಿಯನ್ನು ೧೯೯೩ರ ಮತ್ತು ೨೦೧೩ರ ಕಾಯಿದೆಗಳು ನಿಷೇಧಿಸಿವೆ. ಪದ್ಧತಿ ಹೋದುದು ಒಳ್ಳೆಯದಾಯಿತು. ಅದರ ಸಂಗಡ ನೆಲವನ್ನೂ ಕಳೆದುಕೊಂಡುದು ನಮ್ಮ ಬುದ್ಧಿವಂತಿಕೆ.

ಓಣಿಗಳನ್ನು ಕಳೆದುಕೊಂಡಂತೆ ಕೆರೆಗಳನ್ನೂ ಕಳೆದುಕೊಂಡೆವು. ಧರ್ಮಾಂಬುಧಿ ಕೆರೆಯಿದ್ದಲ್ಲಿ ಬಸ್ಸುಗಳು ನಿಲ್ಲುತ್ತವೆ. ಸಂಪಂಗಿ ಕೆರೆಯಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಬಸವನಗುಡಿಯ ಕಾರಂಜಿ ಕೆರೆಯ ಹೆಸರು ಆಂಜನೇಯಸ್ವಾಮಿಗೆ ಮಾತ್ರ ಉಳಿದಿದೆ. ದೊಡ್ಡಬಸವಣ್ಣನ ಪಾದದಡಿಯಲ್ಲಿ ಹುಟ್ಟುವಳೆಂದು ಹಿರಿಯರು ಹೇಳುತ್ತಿದ್ದ ವೃಷಭಾವತಿಯು ಮೈಸೂರು ರಸ್ತೆಯ ಮಗ್ಗುಲಿನಲ್ಲಿ ಯಾವ ರೂಪದಲ್ಲಿ ಹರಿಯುತ್ತಿರುವಳೆಂಬುದನ್ನು ಮೂಗುಳ್ಳವರೆಲ್ಲರೂ ಬಲ್ಲರು. ಕೆಡವಿದ ಮನೆಯ ಕಲ್ಲುಮಣ್ಣನ್ನು ರಾತ್ರಿವೇಳೆ ಲಾರಿಯಲ್ಲಿ ತುಂಬಿ ರಾಜಕಾಲುವೆಯ ದಂಡೆಗೆ ಸುರಿಯುವುದು ಇಂದಿಗೂ ನಿಂತಿಲ್ಲ. ಹಾಗೆ ಸುರಿದ ಮಣ್ಣು ಮುಂದಿನ ಮಳೆಯಲ್ಲಿ ಕಾಲುವೆಯನ್ನು ಕಟ್ಟುವುದು. ಕಟ್ಟಿದ ನೀರು ಮನೆಗೆ ನುಗ್ಗುವುದು. ನುಗ್ಗಿದ ನೀರು ಮತ್ತಷ್ಟು ಕಸವನ್ನು ಮಾಡುವುದು. ಕಾಲುವೆಯ ಹೂಳನ್ನು ಎತ್ತಿ ಅದರ ದಡದಲ್ಲಿಯೇ ರಾಶಿ ಹಾಕಿ ಬಿಲ್ಲು ಪಡೆಯುವ ಕಂಟ್ರಾಕ್ಟು ವಿದ್ಯೆಯೂ ಇದೇ ಚಕ್ರಕ್ಕೆ ಸೇರಿದ್ದು.

ಈ ಚಕ್ರವು ಎಷ್ಟು ವೇಗವಾಗಿ ತಿರುಗಬಲ್ಲುದೆಂಬುದನ್ನು ೨೦೨೨ರ ಸೆಪ್ಟೆಂಬರು ತೋರಿಸಿತು. ೪ನೆಯ ತಾರೀಖಿನ ರಾತ್ರಿ ಸುರಿದ ಮಳೆಯು ೨೪ ಗಂಟೆಗಳಲ್ಲಿ ೧೩೧ ಮಿಲಿಮೀಟರನ್ನು ಮೀರಿತು. ಬೆಳ್ಳಂದೂರು, ಯಮಲೂರುಗಳ ಕಡೆ ಐಶ್ವರ್ಯವಂತರೂ ಟ್ರಾಕ್ಟರು ಏರಿ ಹೊರಬಂದರು. ಅದೇ ವೇಳೆಯಲ್ಲಿ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿರುವ ಕಾವೇರಿ ನೀರೆತ್ತುವ ಯಂತ್ರಾಗಾರಕ್ಕೆ ನೆರೆ ನುಗ್ಗಿ, ನಗರದ ಬಹುಭಾಗಕ್ಕೆ ಕುಡಿಯುವ ನೀರು ನಿಂತಿತು. ಅಂದರೆ ಕೆಸರು ತುಂಬಿದ ಮನೆಗೆ ತೊಳೆಯುವ ನೀರೂ ಇಲ್ಲ. ನಮ್ಮ ಹಳೆಯ ಬಡಾವಣೆಗಳು ಎತ್ತರದಲ್ಲಿವೆ, ನಮಗೇನೆಂದು ಕೆಲವರು ಸಮಾಧಾನಪಟ್ಟುಕೊಳ್ಳುವರು. ೨೦೨೩ರ ಮೇ ೨೧ರ ಬಿರುಮಳೆಯಲ್ಲಿ ಮಲ್ಲೇಶ್ವರದ ಒಡವೆ ಅಂಗಡಿಯೊಂದಕ್ಕೆ ನೀರು ನುಗ್ಗಿ ಆಭರಣಗಳು ಕೊಚ್ಚಿಹೋದುದಾಗಿ ಅಂಗಡಿಯವರು ಹೇಳಿಕೊಂಡುದನ್ನು ಅವರು ಮರೆತಿರಬಹುದು. ಕೆಸರಿನೊಳಗೆ ಚಿನ್ನವಿದ್ದರೆ ಅದನ್ನು ಜರಡಿ ಹಿಡಿಯದೆ ಕಸವೆಂದು ಸಾಗಿಸುವವರುಂಟೆ? ಅಕ್ಕಸಾಲೆಯವರು ಬೀದಿಯ ಧೂಳನ್ನೂ ಬಿಡುವುದಿಲ್ಲ. ಬಡವರ ಬೀದಿಯ ಕೆಸರಿನಲ್ಲಿ ರೇಷನ್ ಕಾರ್ಡು, ಶಾಲೆಯ ಸರ್ಟಿಫಿಕೇಟು, ಹೊಲಿಗೆಯಂತ್ರ ಸಿಕ್ಕಿಕೊಂಡಿರುವಾಗ ಜರಡಿಯ ನೆನಪು ಯಾರಿಗೂ ಬರುವುದಿಲ್ಲ.

ಇದು ಹೋಗಲಿ, ಕಾಯಿದೆಯವರು ಏನೆನ್ನುವರು? ಕಟ್ಟಡದ ಕಲ್ಲುಮಣ್ಣಿನ ಕಸವನ್ನು ಕುರಿತು ಕೇಂದ್ರ ಸರಕಾರದವರು ೨೦೧೬ರಲ್ಲಿ ಒಂದು ನಿಯಮಾವಳಿಯನ್ನು ಹೊರಡಿಸಿದರು. ೨೦೨೫ರಲ್ಲಿ ಅದನ್ನು ತಿದ್ದಿ ಬರೆದು, ೨೦೨೬ರ ಏಪ್ರಿಲ್ ೧ರಿಂದ ಜಾರಿಗೆ ಬರತಕ್ಕದ್ದೆಂದು ಹೊಸ ನಿಯಮಾವಳಿಯನ್ನು ಪ್ರಕಟಿಸಿದರು. ಈ ಹೊಸ ನಿಯಮಗಳು ಯಾವುದಕ್ಕೆ ಅನ್ವಯಿಸತಕ್ಕವಲ್ಲವೆಂದು ಹೇಳುವಲ್ಲಿ ಅಣುಶಕ್ತಿ, ದೇಶರಕ್ಷಣೆ, ಯುದ್ಧಗಳ ಸಾಲಿನಲ್ಲಿ ಪ್ರಕೃತಿವಿಕೋಪವೂ ಸೇರಿದೆ. ನಿಶ್ಚಿಂತೆಯಿಂದ ಮನೆ ಕೆಡವಿ ಹೊಸದು ಕಟ್ಟುವ ಧನಿಕನ ಇಟ್ಟಿಗೆಗೆ ನಿಯಮವಿದೆ. ಮಳೆಯಲ್ಲಿ ಮನೆ ಬಿದ್ದು ಬೀದಿಗೆ ಬಂದವನ ಇಟ್ಟಿಗೆಗೆ ನಿಯಮವಿಲ್ಲ! ವಿಪತ್ತಿನ ಕಾಲದಲ್ಲಿ ಕಟ್ಟುಪಾಡುಗಳು ಪರಿಹಾರಕಾರ್ಯಕ್ಕೆ ಅಡ್ಡಬರಬಾರದೆಂಬುದು ಇದರ ಆಶಯವಾಗಿದ್ದರೆ ಅದು ಅರ್ಥವಾಗತಕ್ಕದ್ದೇ. ಹಾಗಾದರೆ ಆ ಕಾಲಕ್ಕೆ ತಕ್ಕ ಬೇರೊಂದು ಏರ್ಪಾಡು ಇರಬೇಕಷ್ಟೆ. ವಿಕೋಪ ನಿರ್ವಹಣೆಯ ೨೦೦೫ರ ಕಾಯಿದೆಗೆ ೨೦೨೫ರಲ್ಲಿ ತಂದ ತಿದ್ದುಪಡಿಯು ರಾಜಧಾನಿಗಳಿಗೂ ಮಹಾನಗರಗಳಿಗೂ ನಗರ ವಿಕೋಪ ನಿರ್ವಹಣಾ ಪ್ರಾಧಿಕಾರಗಳನ್ನು ಸ್ಥಾಪಿಸಲು ದಾರಿಮಾಡಿದೆ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಹೋಗಿ ೨೦೨೫ರ ಸೆಪ್ಟೆಂಬರಿನಲ್ಲಿ ಐದು ನಗರ ಪಾಲಿಕೆಗಳು ಬಂದಿವೆ. ಒಂದು ಪಾಲಿಕೆಯಿದ್ದಾಗಲೇ ಹೂಳೆತ್ತುವವರು ಒಂದು ಶಾಖೆ, ಕಸವೊಯ್ಯುವವರು ಮತ್ತೊಂದು ಸಂಸ್ಥೆ, ಮರ ಕಡಿಯುವವರು ಇನ್ನೊಂದು ಎಂದು ಕೈತೋರಿಸಿಕೊಳ್ಳುತ್ತಿದ್ದರು. ಐವರಲ್ಲಿ ಯಾರ ನೆಲಕ್ಕೆ ಯಾರ ಕೆಸರು ಹೋಗತಕ್ಕದ್ದೆಂಬ ಮಾತನ್ನು ಮಳೆ ಬರುವುದಕ್ಕೆ ಮುಂಚೆಯೇ ಬರೆದಿಡದಿದ್ದರೆ, ಮಳೆಯಲ್ಲಿ ನಿಂತು ಬರೆಯಬೇಕಾಗುವುದು.

ಪರದೇಶದ ಉದಾಹರಣೆಗಳನ್ನು ಮಾತುಮಾತಿಗೂ ಹೇಳುವುದು ನಮ್ಮ ಅಭ್ಯಾಸವಲ್ಲ. ಆದರೂ ಜಪಾನಿನ ಹಿಗಾಶಿ ಮತ್ಸುಶಿಮಾ ಎಂಬ ಸಣ್ಣ ಊರಿನ ವೃತ್ತಾಂತವನ್ನು ನಮ್ಮ ಅಧಿಕಾರಿಗಳು ಅವಶ್ಯವಾಗಿ ತಿಳಿಯಬೇಕು. ೨೦೦೩ರಲ್ಲಿ ಅಲ್ಲಿ ಭೂಕಂಪವಾದಾಗ ಎಲ್ಲ ಕಸವನ್ನೂ ಒಂದೇ ರಾಶಿಗೆ ಸುರಿದರು. ಬೆರೆತುಹೋದುದನ್ನು ಬೇರ್ಪಡಿಸುವುದಕ್ಕೆ ಆದ ಖರ್ಚು ಅವರ ಕಣ್ಣು ತೆರೆಸಿತು. ೨೦೧೧ರ ಮಾರ್ಚಿನಲ್ಲಿ ಭೂಕಂಪವೂ ಸಮುದ್ರದ ಅಲೆಯೂ ಬಂದು ಆ ದೇಶದ ಪೂರ್ವತೀರದಲ್ಲಿ ಸುಮಾರು ಎರಡು ಕೋಟಿ ಟನ್ನುಗಳಷ್ಟು ಭಗ್ನಾವಶೇಷವನ್ನು ಒಟ್ಟಿದಾಗ, ಈ ಊರಿನವರು ಮೊದಲ ದಿನದಿಂದಲೂ ಬಗೆಬಗೆಯಾಗಿ ಬೇರ್ಪಡಿಸಿದರು. ಮನೆಮಠ ಕಳೆದುಕೊಂಡ ನಿವಾಸಿಗಳಿಗೇ ಕೂಲಿ ಕೊಟ್ಟು ಕೈಯಿಂದಲೇ ಹತ್ತೊಂಬತ್ತು ಬಗೆಯಾಗಿ ಆರಿಸಿದರು. ನೂರಕ್ಕೆ ತೊಂಬತ್ತೇಳರಷ್ಟು ಮತ್ತೆ ಉಪಯೋಗಕ್ಕೆ ಬಂದಿತು. ಯಂತ್ರಗಳಿಲ್ಲದೆ ನಮ್ಮಿಂದಾಗದೆಂದು ಹೇಳುವವರಿಗೆ ಇದೊಂದೇ ಉತ್ತರ ಸಾಕು. ಕೂಲಿಯ ಹಣ ಕಷ್ಟಪಟ್ಟವರ ಕೈಯಲ್ಲಿಯೇ ಉಳಿಯಿತು. ಅವರ ಸಾಮಾನುಗಳಲ್ಲಿ ಯಾವುದು ಕಸ, ಯಾವುದು ಅಲ್ಲವೆಂಬುದನ್ನು ಅವರೇ ನೋಡಿಕೊಂಡರು. ೧೮೯೮ರ ಮಂದಿಗೆ ದೊರೆಯದೆ ಹೋದ ಮರ್ಯಾದೆಯಿದು.

ನಮ್ಮಲ್ಲಿ ಆ ಕೆಲಸವು ಯಾರ ಪಾಲಿಗೆ ಬೀಳುವುದೆಂಬುದನ್ನು ಹೇಳಬೇಕಾದುದಿಲ್ಲ. ೨೦೧೫ರ ಡಿಸೆಂಬರಿನಲ್ಲಿ ಮದರಾಸು ನೆರೆಯಲ್ಲಿ ಮುಳುಗಿದಾಗ ನೆರೆಹೊರೆಯ ಜಿಲ್ಲೆಗಳಿಂದ ಸಾವಿರಾರು ಮಂದಿ ಪೌರಕಾರ್ಮಿಕರನ್ನು ಕರೆತಂದು ಬೀದಿಗಳನ್ನು ತೊಳೆಯಿಸಿದರು. ನೆರೆಯ ಕೆಸರೆಂದರೆ ಕಕ್ಕಸಿನ ನೀರು, ಗಾಜಿನ ಚೂರು, ಆಸಿಡ್ಡು, ಇಲಿಯ ಮೂತ್ರ ಎಲ್ಲ ಬೆರೆತ ಪದಾರ್ಥ. ಇಲಿಜ್ವರವು ಇಂಥ ಕೆಸರಿನಲ್ಲಿ ಬರಿಗಾಲಿನಲ್ಲಿ ನಿಂತವರನ್ನೇ ಹಿಡಿಯುವುದು. ಮೊಣಕಾಲವರೆಗಿನ ಬೂಟು, ದಪ್ಪ ಕೈಗವಸು, ಇಲಿಜ್ವರಕ್ಕೆ ಮೊದಲೇ ಕೊಡತಕ್ಕ ಮಾತ್ರೆ, ಧನುರ್ವಾಯುವಿನ ಚುಚ್ಚುಮದ್ದು, ಕೆಲಸ ಮುಗಿದ ಮೇಲೆ ಸ್ನಾನಕ್ಕೆ ಬಿಸಿನೀರು, ಇವು ಉಗ್ರಾಣದಲ್ಲಿ ಸಿದ್ಧವಾಗಿರದೆ ಮಳೆ ಬಂದ ಮೇಲೆ ಟೆಂಡರು ಕರೆಯುವುದಾದರೆ, ಪ್ಲೇಗಿನ ಕಾಲಕ್ಕಿಂತ ನಾವು ಮುಂದುವರಿದುದು ಎಲ್ಲಿ? ಆಗ ಪರರ ಆಳ್ವಿಕೆಯೆಂದು ದೂರಬಹುದಾಗಿತ್ತು. ಸ್ವರಾಜ್ಯ ಬಂದ ಮೇಲೆ ಆ ನೆವವೂ ಇಲ್ಲ.

ಇಲ್ಲಿಯವರೆಗೆ ಅಧಿಕಾರಿಗಳನ್ನು ಆಕ್ಷೇಪಿಸಿದ್ದಾಯಿತು. ನಮ್ಮ ಪೌರಮಹಾಶಯರಿಗೂ ಎರಡು ಮಾತು ಹೇಳದಿದ್ದರೆ ನ್ಯಾಯವಾಗದು. ಬೆಂಗಳೂರು ತನ್ನ ಕಸವನ್ನು ಮಾವಳ್ಳಿಪುರಕ್ಕೆ ಕಳುಹಿಸಿತು; ೨೦೧೨ರಲ್ಲಿ ಅಲ್ಲಿಯ ಗುಂಡಿ ಮುಚ್ಚಿತು. ಮಂಡೂರಿಗೆ ಕಳುಹಿಸಿತು, ಅಲ್ಲಿಯ ಹಳ್ಳಿಗರು ದಾರಿಗಡ್ಡವಾಗಿ ನಿಂತು ಹೋರಾಡಿ ೨೦೧೪ರ ಡಿಸೆಂಬರಿನಲ್ಲಿ ಅದನ್ನೂ ನಿಲ್ಲಿಸಿದರು. ಕಸ ಬೇರ್ಪಡಿಸಿ ಕೊಡಿರೆಂದು ಹೈಕೋರ್ಟಿನವರು ಅಪ್ಪಣೆ ಮಾಡಬೇಕಾಗಿ ಬಂದಿತು. ಗಾಂಧಿಬಜಾರಿನ ಹೂವಿನ ಅಂಗಡಿಗಳ ನಡುವೆಯೋ, ಸಂಪಿಗೆ ರಸ್ತೆಯ ಕಾಫಿಯ ಮುಂದೆಯೋ ನಿಂತು ನಗರಸಭೆಯನ್ನು ಬಯ್ಯುವ ನಾವು, ನಮ್ಮ ವಾರ್ಡಿನ ಮೈದಾನದ ಒಂದು ಮೂಲೆಯಲ್ಲಿ ನಮ್ಮದೇ ಕಸವನ್ನು ಹದಿನೈದು ದಿನ ಇಡೋಣವೆಂದರೆ ಸಹಿಸುವೆವೆ? ಮನವಿಪತ್ರಕ್ಕೆ ಸಂಜೆಯೊಳಗಾಗಿ ಐನೂರು ರುಜುಗಳು ಬೀಳುವುವು. ಮೊದಲ ಸಹಿ ರಿಟೈರಾದ ಯಾವನಾದರೊಬ್ಬ ಅಧಿಕಾರಿಯದೇ ಆಗಿದ್ದರೆ ನಾವು ಆಶ್ಚರ್ಯಪಡುವುದಿಲ್ಲ.

ಆದರೂ ಹೀಗೆಯೇ ಆಗಬೇಕೆಂಬುದು ನಮ್ಮ ಅಭಿಪ್ರಾಯ. ಪ್ರತಿಯೊಂದು ವಾರ್ಡಿನೊಳಗೂ ಗಟ್ಟಿನೆಲದ ಒಂದು ಸ್ಥಳವನ್ನು ಮುಂಗಾರಿಗೆ ಮುಂಚೆಯೇ ಗೊತ್ತುಮಾಡಿ ಗುರುತುಹಾಕಬೇಕು. ಅದು ಕೆರೆಯಂಗಳವಾಗಿರಬಾರದು, ಕಾಲುವೆಯ ದಂಡೆಯಾಗಿರಬಾರದು, ಬಾವಿಗೆ ಹತ್ತಿರವಿರಬಾರದು, ಲಾರಿ ಒಳಹೊಕ್ಕು ಹೊರಬರಲು ಎಡೆಯಿರಬೇಕು. ಅಲ್ಲಿ ಹಸಿಯದು ಎರಡು ದಿನಕ್ಕಿಂತ ಹೆಚ್ಚು ನಿಲ್ಲಬಾರದು. ಏಕೆಂದರೆ ನಾರುವುದೂ ನೊಣ ಮುಸುರುವುದೂ ಅದೇ. ಮರ, ಕಲ್ಲುಮಣ್ಣು, ಕಬ್ಬಿಣ, ವಿದ್ಯುತ್ ಸಾಮಾನು, ಬಟ್ಟೆ ಹಾಸಿಗೆ, ಔಷಧ ಮತ್ತು ಬಣ್ಣದ ಡಬ್ಬಿಗಳು—ಇವಕ್ಕೆ ಬೇರೆಬೇರೆ ರಾಶಿ. ಯಾವುದನ್ನೂ ಅಲ್ಲಿ ಸುಡಕೂಡದು. ಮನೆಯವರು ಬಂದು ತಮ್ಮ ವಸ್ತುಗಳನ್ನು ಹುಡುಕಿಕೊಳ್ಳಲು ಮೂರು ದಿನವಾದರೂ ಅವಕಾಶ ಕೊಡಬೇಕು. ಕಾಗದಪತ್ರ ಸಿಕ್ಕಿದರೆ ಒಣಗಿಸಿಡಲು ಒಬ್ಬ ಗುಮಾಸ್ತೆಯಿರಬೇಕು. ಹದಿನಾರನೆಯ ದಿನ ಆ ನೆಲ ಮೊದಲಿನಂತೆ ಖಾಲಿಯಾಗಿರಬೇಕು. ಆಗದಿದ್ದರೆ ಉತ್ತರ ಕೊಡತಕ್ಕ ಅಧಿಕಾರಿ ಇಂಥವರೆಂದು ಹಲಗೆಯ ಮೇಲೆ ಮೊದಲೇ ಬರೆದಿರಬೇಕು. ಗುಂಡಿಗಳನ್ನು ತುಂಬಲು ಬೇಕಾದ ಕಲ್ಲುಪುಡಿಯನ್ನು ಬೆಟ್ಟ ಒಡೆದು ತರುವ ನಗರವು ತನ್ನ ಬಿದ್ದ ಗೋಡೆಗಳನ್ನೇ ಪುಡಿಮಾಡಿ ಉಪಯೋಗಿಸಬಾರದೆ? ಏಪ್ರಿಲ್ ಮೇ ತಿಂಗಳ ಗಾಳಿಗೆ ಮಲ್ಲೇಶ್ವರ ಬಸವನಗುಡಿಗಳಲ್ಲಿ ಉರುಳುವ ಹಳೆಯ ಮರಗಳನ್ನು ತುಂಡುಮಾಡಿ ಪಾದಚಾರಿಗಳ ದಾರಿಯಲ್ಲಿ ತಿಂಗಳುಗಟ್ಟಲೆ ಬಿಡುವುದಕ್ಕೆ ಬದಲಾಗಿ ಇದೇ ಸ್ಥಳಕ್ಕೆ ತಂದು ಹರಾಜು ಹಾಕಬಹುದು. ಎಲೆ ಸೊಪ್ಪು ಗೊಬ್ಬರವಾಗಲಿ. ವರ್ಷಕ್ಕೊಮ್ಮೆ ಹೀಗೆ ಅಭ್ಯಾಸವಾದರೆ ದೊಡ್ಡ ನೆರೆ ಬಂದ ದಿನ ಯಾರೂ ದಾರಿ ಕೇಳಬೇಕಾಗುವುದಿಲ್ಲ.

ಇನ್ನು ಓಣಿಗಳ ಮಾತು. ಅವುಗಳ ಮೂಲನಕ್ಷೆಗಳನ್ನು ಪಾಲಿಕೆಯವರು ದಫ್ತರಗಳಿಂದ ಹೊರತೆಗೆದು, ಯಾವ ಓಣಿ ಯಾವ ಮನೆಯ ಗೋಡೆಯೊಳಗೆ ಸೇರಿದೆಯೆಂಬುದನ್ನು ಪಟ್ಟಿಮಾಡಿ ವಾರ್ಡು ಕಚೇರಿಯ ಬಾಗಿಲಿಗೆ ಅಂಟಿಸಲಿ. ನೀರು ನುಗ್ಗಿದ ದಿನ ಮುಂಬೀದಿಯಲ್ಲಿ ಆಂಬ್ಯುಲೆನ್ಸು ಹೋಗಬೇಕು, ಕೈಗಾಡಿ ಹಿಂಬೀದಿಯಲ್ಲಿ ಹೋಗಬೇಕು. ಆ ಪಟ್ಟಿಯಲ್ಲಿ ನಮ್ಮ ಸ್ನೇಹಿತರ ಹೆಸರುಗಳೂ, ಈ ಪತ್ರಿಕೆಯ ಚಂದಾದಾರರ ಹೆಸರುಗಳೂ ಇರುವ ಸಂಭವವುಂಟು. ಇದ್ದರೆ ಇರಲಿ, ಪಟ್ಟಿ ಬರಲಿ.